ಹೆಡಿಂಗ್ ಟ್ಯಾಗ್ ಹಾಕುವ ಕ್ರಮ: ಸರ್ಚ್‌ನಲ್ಲಿ ಸಿಗಬೇಕಾದ ಕನ್ನಡ ಪುಟಕ್ಕೆ ಸಮಗ್ರ ಮಾರ್ಗದರ್ಶಿ

ತುಮಕೂರು, ತಿಪಟೂರು, ಗುಬ್ಬಿ ಕಡೆಯ ಸಣ್ಣ ವ್ಯಾಪಾರಿಗಳು ವೆಬ್‌ಸೈಟ್ ಮಾಡಿಸಿಕೊಂಡು, ‘ಗೂಗಲ್‌ನಲ್ಲಿ ನಮ್ಮದು ಕಾಣಿಸ್ತಾನೇ ಇಲ್ಲ, ಸ್ವಲ್ಪ ನೋಡಿ’ ಎಂದು ಲಿಂಕ್ ಕಳಿಸುತ್ತಾರೆ. ತೆರೆದು ನೋಡಿದರೆ ಹೆಚ್ಚಿನ ಪುಟಗಳಲ್ಲಿ ಒಂದೇ ಕಥೆ. ಕಣ್ಣಿಗೆ ತಲೆಬರಹದಂತೆ ಕಾಣುವುದೆಲ್ಲ ಬರೀ ದಪ್ಪ ಮಾಡಿದ ಸಾಲು. ನಿಜವಾದ ಹೆಡಿಂಗ್ ಟ್ಯಾಗ್ (ಈ ಸಾಲು ತಲೆಬರಹ ಎಂದು ಪುಟದ ಕೋಡ್‌ನಲ್ಲಿ ಹಾಕುವ ಗುರುತು) ಇರುವಲ್ಲಿ ‘ಸ್ವಾಗತ’ ಎಂದೋ ‘ನಮ್ಮ ಸೇವೆಗಳು’ ಎಂದೋ ಬರೆದಿರುತ್ತದೆ. ಇದನ್ನು ಸರಿ ಮಾಡಲು ಕೋಡಿಂಗ್ ಬರಬೇಕಿಲ್ಲ, ಆದರೆ ಕ್ರಮ ಬೇಕು. ಎಡಿಟರ್ ತೆರೆದು, ಬರೆಯುತ್ತ ಬರೆಯುತ್ತ ತೋಚಿದಲ್ಲಿ ಹೆಡಿಂಗ್ ಹಾಕುತ್ತ ಹೋದರೆ ಕೊನೆಗೆ ಎಲ್ಲವನ್ನೂ ಕಿತ್ತು ಮತ್ತೆ ಹಾಕಬೇಕಾಗುತ್ತದೆ. ಹೆಡಿಂಗ್‌ಗಳು ಮೊದಲು ಕಾಗದದ ಮೇಲೆ ನಿಲ್ಲಬೇಕು, ಬರಹ ಆಮೇಲೆ.

ಉದ್ದಕ್ಕೂ ಒಂದೇ ಉದಾಹರಣೆ ಹಿಡಿದು ಹೋಗುತ್ತೇನೆ. ತಿಪಟೂರು ಕಡೆ ಒಂದು ತೆಂಗಿನ ನರ್ಸರಿ ಇದೆ ಎಂದುಕೊಳ್ಳಿ, ‘ತಿಪಟೂರು ಟಾಲ್’ ತಳಿಯ ಸಸಿ ಮಾರುತ್ತದೆ, ಅದರ ಒಂದು ಪುಟವನ್ನು ನಾವು ಸರಿ ಮಾಡಬೇಕು. ನಿಮ್ಮದು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಾಗಿರಲಿ, ದೇವರಾಯನದುರ್ಗದ ದಾರಿಯ ಹೋಂಸ್ಟೇ ಆಗಿರಲಿ, ಕೋಲಾರದ ಟೊಮೆಟೊ ಮಂಡಿಯಾಗಿರಲಿ, ಕ್ರಮ ಇದೇ.

## ಹೆಡಿಂಗ್‌ನಿಂದ ಏನಾಗುತ್ತದೆ, ಏನಾಗುವುದಿಲ್ಲ

ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಹೆಡಿಂಗ್‌ಗೆ ಆರು ಮಟ್ಟಗಳಿವೆ, ಎಚ್1ರಿಂದ ಎಚ್6ರವರೆಗೆ. ಎಚ್1 ಜಿಲ್ಲೆ ಎಂದುಕೊಂಡರೆ ಎಚ್2 ತಾಲೂಕು, ಎಚ್3 ಹೋಬಳಿ, ಎಚ್4 ಗ್ರಾಮ. ನೊಣವಿನಕೆರೆ ಹೋಬಳಿಯನ್ನು ತಿಪಟೂರು ತಾಲೂಕಿನ ಕೆಳಗೆ ಬರೆಯುತ್ತೇವೆ. ತಾಲೂಕಿನ ಹೆಸರೇ ಇಲ್ಲದೆ ನೇರ ಜಿಲ್ಲೆಯ ಕೆಳಗೆ ಬರೆಯುವುದಿಲ್ಲ, ಇನ್ನೊಂದು ತಾಲೂಕಿನ ಕೆಳಗಂತೂ ಇಲ್ಲವೇ ಇಲ್ಲ. ಮಟ್ಟ ಎಂದರೆ ಯಾವುದು ಯಾವುದರ ಅಡಿಯಲ್ಲಿದೆ ಎಂಬ ಲೆಕ್ಕ. ಅಕ್ಷರ ಎಷ್ಟು ದೊಡ್ಡದು ಎಂಬ ಪ್ರಶ್ನೆ ಬೇರೆ, ಅದಕ್ಕೆ ಎಂಟನೇ ಹಂತದಲ್ಲಿ ಬರುತ್ತೇನೆ.

ಪುಟದ ಯಾವ ಭಾಗ ಯಾವ ವಿಷಯದ್ದು ಎಂದು ತಿಳಿಯಲು ಗೂಗಲ್‌ಗೆ ಹೆಡಿಂಗ್ ಸಹಾಯ ಮಾಡುತ್ತದೆ. ಅಷ್ಟಕ್ಕೇ ಪುಟ ಮೊದಲ ಸ್ಥಾನಕ್ಕೆ ಹಾರುವುದಿಲ್ಲ. ಹೆಡಿಂಗ್ ಬದಲಿಸಿ ತಿಂಗಳಲ್ಲಿ ಮೇಲಕ್ಕೆ ತರುತ್ತೇವೆ ಎಂದು ದುಡ್ಡು ಕೇಳುವವರಿದ್ದಾರೆ, ಕೊಡಬೇಡಿ. ಮಟ್ಟಗಳ ಕ್ರಮ ತಪ್ಪಿದರೂ ಗೂಗಲ್ ಸರ್ಚ್‌ನ ಮಟ್ಟಿಗೆ ತೊಂದರೆಯಿಲ್ಲ, ಇಂತಿಷ್ಟೇ ಹೆಡಿಂಗ್ ಇರಬೇಕೆಂಬ ಮಾಂತ್ರಿಕ ಸಂಖ್ಯೆಯೂ ಇಲ್ಲ ಎಂದು ಗೂಗಲ್ ತನ್ನ ಆರಂಭಿಕ ಮಾರ್ಗದರ್ಶಿಯಲ್ಲೇ ಬರೆದಿದೆ. ಹಾಗಾದರೆ ಕ್ರಮಕ್ಕೆ ಇಷ್ಟು ಒತ್ತು ಏಕೆ? ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ) ಬಳಸುವ ದೃಷ್ಟಿದೋಷವುಳ್ಳವರು ಪುಟದಲ್ಲಿ ಹೆಚ್ಚಾಗಿ ಓಡಾಡುವುದು ಹೆಡಿಂಗ್ ಹಿಡಿದುಕೊಂಡೇ. ಬಸ್ಸಿನಲ್ಲಿ ನಿಂತು ಮೊಬೈಲ್ ಉಜ್ಜುವವರೂ ಹೆಡಿಂಗ್ ಮಾತ್ರ ಓದಿ, ತಮಗೆ ಬೇಕಾದಲ್ಲಿ ನಿಲ್ಲುತ್ತಾರೆ. ಇನ್ನೊಂದು ಲಾಭ ನಿಮಗೇ: ಕ್ರಮ ಸರಿಯಿದ್ದರೆ ಬರಹದಲ್ಲಿ ಎಲ್ಲಿ ತೂತಿದೆ ಎಂದು ಕಾಣುತ್ತದೆ.

## ಬೇಕಾದ ಸಲಕರಣೆ

ಒಂದು ಹಾಳೆ, ಪೆನ್ನು. ಕ್ರೋಮ್ ಅಥವಾ ಫೈರ್‌ಫಾಕ್ಸ್ ಇರುವ ಕಂಪ್ಯೂಟರ್. ಈ ಕೆಲಸವನ್ನು ಮೊಬೈಲ್‌ನಲ್ಲಿ ಮಾಡಲು ಹೋಗಬೇಡಿ. ಬ್ರೌಸರ್‌ಗೆ ‘ಹೆಡಿಂಗ್ಸ್‌ಮ್ಯಾಪ್’ ಎಂಬ ಉಚಿತ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ. ನಿಮ್ಮ ಸೈಟ್ ಗೂಗಲ್‌ನಲ್ಲಿ ಹೇಗೆ ಕಾಣಿಸುತ್ತಿದೆ ಎಂದು ತೋರಿಸುವ ‘ಗೂಗಲ್ ಸರ್ಚ್ ಕನ್ಸೋಲ್’ ಖಾತೆ ಇರಲಿ, ಅದೂ ಉಚಿತ. ವಿಂಡೋಸ್ ಇದ್ದರೆ ‘ಎನ್‌ವಿಡಿಎ’ ಎಂಬ ಉಚಿತ ಸ್ಕ್ರೀನ್ ರೀಡರ್ ಇಳಿಸಿಕೊಳ್ಳಿ. ಅದಕ್ಕೆ ಕನ್ನಡ ಓದಲೂ ಬರುತ್ತದೆ. ಸೈಟ್‌ನಲ್ಲಿ ನೂರಾರು ಪುಟಗಳಿದ್ದರೆ ಎಲ್ಲ ಪುಟಗಳನ್ನೂ ಒಟ್ಟಿಗೆ ಪರಿಶೀಲಿಸುವ ‘ಸ್ಕ್ರೀಮಿಂಗ್ ಫ್ರಾಗ್’ ಉಪಯೋಗಕ್ಕೆ ಬರುತ್ತದೆ, 500 ಯುಆರ್‌ಎಲ್ (ಪುಟದ ವಿಳಾಸ) ವರೆಗೆ ಉಚಿತ. ಹತ್ತಿಪ್ಪತ್ತು ಪುಟದ ಸೈಟ್‌ಗೆ ಅದರ ಅಗತ್ಯವಿಲ್ಲ.

## ಹಂತ 1: ಅಕ್ಷರ ಯುನಿಕೋಡ್‌ನಲ್ಲಿದೆಯೇ ನೋಡಿ

ಯುನಿಕೋಡ್ ಎಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ. ಇಂಗ್ಲಿಷ್‌ನವರ ಮಾರ್ಗದರ್ಶಿಗಳಲ್ಲಿ ಈ ಹಂತ ಇರುವುದೇ ಇಲ್ಲ. ನಮಗೆ ಮಾತ್ರ ಇದು ಮೊದಲನೆಯದು, ಏಕೆಂದರೆ ಇಲ್ಲಿ ತಪ್ಪಿದ್ದರೆ ಮುಂದಿನದೆಲ್ಲ ನೀರಿನಲ್ಲಿ ಹೋಮ.

ಡಿಟಿಪಿ ಅಂಗಡಿಯಲ್ಲಿ ಕರಪತ್ರ ಮಾಡಿಸಿ, ಅದೇ ಫೈಲ್‌ನಿಂದ ವೆಬ್‌ಸೈಟ್‌ಗೂ ಬರಹ ತೆಗೆದುಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿದ್ದರೆ, ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೆ. ಗೂಗಲ್ ಓದುವುದು ವೇಷವನ್ನಲ್ಲ, ಒಳಗಿರುವುದನ್ನು.

ಪರೀಕ್ಷೆ ಸುಲಭ. ನಿಮ್ಮ ಪುಟದ ತಲೆಬರಹವನ್ನು ಕಾಪಿ ಮಾಡಿ ಗೂಗಲ್‌ನ ಹುಡುಕು ಪೆಟ್ಟಿಗೆಗೆ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಯುನಿಕೋಡ್. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ಆಸ್ಕಿ. ಕಾಪಿ ಮಾಡಲು ಆಯ್ಕೆಯೇ ಆಗದಿದ್ದರೆ ಅದು ಚಿತ್ರ. ಫ್ಲೆಕ್ಸ್‌ಗೆ ಮಾಡಿಸಿದ ಬ್ಯಾನರನ್ನೇ ಪುಟದ ತಲೆಗೆ ಏರಿಸಿದ್ದಾರೆ ಎಂದರ್ಥ. ಚಿತ್ರ ಬೇಕಿದ್ದರೆ ಇರಲಿ, ಅದರ ಕೆಳಗೆ ನಿಜವಾದ ಅಕ್ಷರದಲ್ಲಿ ಹೆಡಿಂಗ್ ಬರಬೇಕು.

ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಆನ್‌ಲೈನ್‌ನಲ್ಲೂ ಸಿಗುತ್ತವೆ. ಪರಿವರ್ತಿಸಿದ ಮೇಲೆ ಹೆಡಿಂಗ್‌ಗಳನ್ನು ಒಂದೊಂದಾಗಿ ಕಣ್ಣಾರೆ ಓದಿ. ಅರ್ಕಾವೊತ್ತು, ದೀರ್ಘ, ಒತ್ತಕ್ಷರಗಳು ಕೆಡುವುದು ಇಲ್ಲೇ. ಪ್ಯಾರಾದೊಳಗೆ ಒಂದು ಒತ್ತು ಹಾರಿದರೆ ಸಹಿಸಿಕೊಳ್ಳಬಹುದು, ಎಚ್1ರಲ್ಲಿ ಹಾರಿದರೆ ಜನ ಹುಡುಕುವ ಪದವೇ ಪುಟದಲ್ಲಿ ಇಲ್ಲದಂತಾಗುತ್ತದೆ.

## ಹಂತ 2: ಈಗಿನ ಪುಟದ ಎಲುಬುಗೂಡು ನೋಡಿ

ಪುಟ ತೆರೆದು ಹೆಡಿಂಗ್ಸ್‌ಮ್ಯಾಪ್ ಒತ್ತಿ. ಬದಿಯಲ್ಲಿ ಹೆಡಿಂಗ್‌ಗಳ ಪಟ್ಟಿ ಮಟ್ಟದ ಸಮೇತ ಬರುತ್ತದೆ. ಎಕ್ಸ್‌ಟೆನ್ಶನ್ ಹಾಕಲು ಇಷ್ಟವಿಲ್ಲದವರು ಒಂದು ಹೆಡಿಂಗ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಒತ್ತಿದರೆ ಅದು ನಿಜವಾದ ಹೆಡಿಂಗೋ, ದಪ್ಪ ಮಾಡಿದ ಪ್ಯಾರಾವೋ ತಿಳಿಯುತ್ತದೆ.

ನಮ್ಮ ನರ್ಸರಿ ಪುಟದಲ್ಲಿ ಕಾಣುವುದು ಸಾಮಾನ್ಯವಾಗಿ ಹೀಗೆ:

ಎಚ್1: ಸ್ವಾಗತ
ಎಚ್4: ನಮ್ಮಲ್ಲಿ ಉತ್ತಮ ಗುಣಮಟ್ಟದ ಸಸಿಗಳು ದೊರೆಯುತ್ತವೆ!!!
ಎಚ್2: (ಖಾಲಿ)
ಎಚ್4: ಇನ್ನಷ್ಟು ಓದಿ
ಎಚ್3: ನಮ್ಮನ್ನು ಸಂಪರ್ಕಿಸಿ
ಎಚ್3: ಇತ್ತೀಚಿನ ಬರಹಗಳು

ಈ ಪಟ್ಟಿಯನ್ನಷ್ಟೇ ಯಾರಿಗಾದರೂ ಕೊಟ್ಟು ‘ಇದು ಯಾವುದರ ಪುಟ?’ ಎಂದು ಕೇಳಿ. ತೆಂಗು ಎಂಬ ಪದವೇ ಇಲ್ಲ, ಊರಿನ ಹೆಸರೂ ಇಲ್ಲ. ಸಸಿ ಹುಣಸೆಯದೋ ಹಲಸಿನದೋ ಗೊತ್ತಾಗುವುದಿಲ್ಲ.

ಹಾಳೆಯ ಮೇಲೆ ಇವನ್ನು ಗುರುತು ಮಾಡಿಕೊಳ್ಳಿ: ಖಾಲಿ ಹೆಡಿಂಗ್ (ಸಾಲಿನ ನಡುವೆ ಜಾಗ ಬಿಡಲು ಎಂಟರ್ ಒತ್ತಿದಾಗ ಹುಟ್ಟಿಕೊಳ್ಳುತ್ತದೆ), ಬಟನ್ ಮೇಲಿನ ಬರಹಕ್ಕೆ ಹಾಕಿದ ಹೆಡಿಂಗ್, ಫೋನ್ ನಂಬರ್‌ಗೆ ಹಾಕಿದ ಹೆಡಿಂಗ್, ಎಲ್ಲ ಪುಟದಲ್ಲೂ ಲೋಗೋದ ಹೆಸರೇ ಎಚ್1 ಆಗಿರುವುದು. ಕೊನೆಯದು ಥೀಮ್‌ನ (ಸೈಟ್‌ಗೆ ರೂಪ ಕೊಡುವ ಸಿದ್ಧ ವಿನ್ಯಾಸದ) ತಪ್ಪು. ಅಡಿಯಲ್ಲಿ, ಬದಿಯಲ್ಲಿ ಬರುವ ‘ಸಂಪರ್ಕಿಸಿ’, ‘ಇತ್ತೀಚಿನ ಬರಹಗಳು’ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಥೀಮ್ ತಾನೇ ಹಾಕುವ ಅವು ದೊಡ್ಡ ಹಾನಿ ಮಾಡುವುದಿಲ್ಲ.

## ಹಂತ 3: ಹುಡುಕುವವರ ಬಾಯಿಮಾತು ಕೂಡಿಸಿ

ಸರ್ಚ್ ಕನ್ಸೋಲ್‌ನ ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ಈ ಪುಟವನ್ನಷ್ಟೇ ಫಿಲ್ಟರ್ ಮಾಡಿ, ಜನ ಯಾವ ಪದ ಹಾಕಿ ಹುಡುಕಿದಾಗ ಅದು ಕಾಣಿಸಿದೆ ನೋಡಿ. ಅಲ್ಲಿ 16 ತಿಂಗಳವರೆಗಿನ ಮಾಹಿತಿ ಸಿಗುತ್ತದೆ. ಸೈಟ್ ಹೊಸದಾಗಿದ್ದರೆ ಅಲ್ಲಿ ಏನೂ ಇರುವುದಿಲ್ಲ. ಆಗ ಗೂಗಲ್‌ನಲ್ಲಿ ‘ತೆಂಗಿನ ಸಸಿ’ ಎಂದು ಟೈಪ್ ಮಾಡಿ, ಎಂಟರ್ ಒತ್ತದೆ ಕೆಳಗೆ ಬರುವ ಸಲಹೆಗಳನ್ನು ಬರೆದುಕೊಳ್ಳಿ.

ಇದಕ್ಕಿಂತ ಒಳ್ಳೆಯ ಮೂಲ ನಿಮ್ಮ ಫೋನು. ವಾಟ್ಸಾಪ್‌ನಲ್ಲಿ ಗ್ರಾಹಕರು ಕೇಳಿದ ಪ್ರಶ್ನೆಗಳನ್ನು ಹಿಂದಕ್ಕೆ ಸರಿಸಿ ನೋಡಿ. ‘ಸಸಿ ಒಂದಕ್ಕೆ ಎಷ್ಟು?’, ‘ಎಷ್ಟು ಅಡಿಗೆ ಒಂದು ಇಡಬೇಕು?’, ‘ಪಾವಗಡದ ತನಕ ಗಾಡಿ ಬರುತ್ತಾ?’, ‘ಸುಳಿ ತಿನ್ನೋ ಹುಳಕ್ಕೆ ಏನು ಮಾಡೋದು?’ ನಿಮ್ಮ ಎಚ್2, ಎಚ್3ಗಳು ಇಲ್ಲಿ ಅರ್ಧ ತಯಾರಾಗಿ ಕೂತಿವೆ.

ಒಂದೇ ವಸ್ತುವಿಗೆ ನಮ್ಮಲ್ಲಿ ಎರಡು ಮೂರು ಹೆಸರುಗಳಿರುತ್ತವೆ. ಸಸಿ ಎನ್ನುವವರಿದ್ದಾರೆ, ಗಿಡ ಎನ್ನುವವರಿದ್ದಾರೆ; ಬೆಲೆ, ದರ, ರೇಟು ಮೂರೂ ನಡೆಯುತ್ತವೆ. ಹೆಚ್ಚು ಜನ ಆಡುವುದನ್ನು ಹೆಡಿಂಗ್‌ಗೆ ಇಡಿ, ಉಳಿದವು ಪ್ಯಾರಾದೊಳಗೆ ಸಹಜವಾಗಿ ಬರಲಿ. ಇಲಾಖೆಯ ಕೈಪಿಡಿಯ ಭಾಷೆ ಹೆಡಿಂಗ್‌ಗೆ ಬೇಡ. ‘ಸಸ್ಯಾಭಿವೃದ್ಧಿ ಮತ್ತು ಸಸ್ಯ ಸಂರಕ್ಷಣಾ ಕ್ರಮಗಳು’ ಎಂದು ಯಾವ ರೈತನೂ ಟೈಪ್ ಮಾಡುವುದಿಲ್ಲ.

## ಹಂತ 4: ಹಾಳೆಯ ಮೇಲೆ ನಕ್ಷೆ ಬರೆಯಿರಿ

ಕೂಡಿಸಿದ ಪ್ರಶ್ನೆಗಳನ್ನು ಗುಂಪು ಮಾಡಿ. ಒಂದು ಗುಂಪಿಗೆ ಒಂದು ಎಚ್2. ಗುಂಪಿನೊಳಗೆ ಪ್ರತ್ಯೇಕವಾಗಿ ನಿಲ್ಲುವ ವಿಷಯಗಳಿದ್ದರೆ ಮಾತ್ರ ಎಚ್3. ನರ್ಸರಿ ಪುಟದ ನಕ್ಷೆ ಹೀಗಾಗುತ್ತದೆ:

ಎಚ್1: ತಿಪಟೂರು ಟಾಲ್ ತೆಂಗಿನ ಸಸಿ: ಬೆಲೆ, ಆಯ್ಕೆ, ನೆಡುವ ಕ್ರಮ
— ಎಚ್2: ತೆಂಗಿನ ಸಸಿಯ ಈಗಿನ ಬೆಲೆ
— ಎಚ್2: ಒಳ್ಳೆಯ ಸಸಿ ಗುರುತಿಸುವುದು ಹೇಗೆ?
— ಎಚ್2: ಸಸಿ ನೆಡುವ ವಿಧಾನ
—— ಎಚ್3: ಗಿಡದಿಂದ ಗಿಡಕ್ಕೆ ಎಷ್ಟು ಅಂತರ ಬಿಡಬೇಕು?
—— ಎಚ್3: ಗುಂಡಿಯ ಅಳತೆ, ಗೊಬ್ಬರ
—— ಎಚ್3: ಮೊದಲ ಬೇಸಿಗೆಯಲ್ಲಿ ನೀರು, ನೆರಳು
— ಎಚ್2: ತೆಂಗಿಗೆ ಬರುವ ಕೀಟಗಳು
—— ಎಚ್3: ಕುರುವಾಯಿ ಕೀಟ
—— ಎಚ್3: ಕೆಂಪು ಮೂತಿ ಹುಳು
—— ಎಚ್3: ಕಪ್ಪು ತಲೆ ಹುಳು
— ಎಚ್2: ನರ್ಸರಿಗೆ ಬರುವ ದಾರಿ, ಸಸಿ ಸಾಗಣೆ

ಬೆಲೆ ಮೇಲಿದೆ, ಏಕೆಂದರೆ ಬಂದವರು ಮೊದಲು ಕೇಳುವುದು ಅದನ್ನೇ. ಬೆಲೆಯನ್ನು ಪುಟದ ತಳಕ್ಕೆ ಅಡಗಿಸಿಡುವ ಅಭ್ಯಾಸ ಅಂಗಡಿಯಲ್ಲಿ ನಡೆಯಬಹುದು, ಇಲ್ಲಿ ಜನ ಹಿಂದಿನ ಬಟನ್ ಒತ್ತಿ ಹೊರಟುಬಿಡುತ್ತಾರೆ.

ನಕ್ಷೆಯಲ್ಲಿ ಅಪಾಯದ ಗುರುತುಗಳು ಮೂರು. ಒಂದು ಎಚ್2 ಅಡಿಯಲ್ಲಿ ಒಂದೇ ಒಂದು ಎಚ್3 ಇದ್ದರೆ, ಒಡೆಯುವ ಅಗತ್ಯವೇ ಇರಲಿಲ್ಲ ಎಂದರ್ಥ. ಒಂದು ಎಚ್2 ಕೆಳಗೆ ಎಂಟು ಹತ್ತು ಎಚ್3 ಜೋತುಬಿದ್ದಿದ್ದರೆ ಅದು ಬಹುಶಃ ಬೇರೆಯೇ ಪುಟವಾಗಬೇಕು. ಕೀಟಗಳ ಬಗ್ಗೆ ಬರೆಯಲು ಅಷ್ಟಿದ್ದರೆ ಅದನ್ನು ಇಲ್ಲಿಂದ ತೆಗೆದು ಸ್ವತಂತ್ರ ಪುಟ ಮಾಡಿ ಲಿಂಕ್ ಕೊಡಿ. ಮೂರನೆಯದು, ಎಚ್5ಕ್ಕೆ ಇಳಿಯಬೇಕಾದ ಸಂದರ್ಭ. ವ್ಯಾಪಾರದ ಪುಟಕ್ಕೆ ಎಚ್5, ಎಚ್6 ಬೇಕಾಗುವುದೇ ಇಲ್ಲ. ಬೇಕೆನಿಸಿದರೆ ವಿಷಯ ಜಟಿಲವಾಗಿರುವುದಕ್ಕಿಂತ ನಕ್ಷೆ ಜಟಿಲವಾಗಿರುವ ಸಾಧ್ಯತೆ ಹೆಚ್ಚು.

## ಹಂತ 5: ಎಚ್1 ಬರೆಯಿರಿ

ಎಚ್1 ಬೇರೆ, ಟೈಟಲ್ ಟ್ಯಾಗ್ ಬೇರೆ. ಎಚ್1 ಪುಟದ ಮೇಲೆ ಕಾಣುತ್ತದೆ. ಟೈಟಲ್ ಟ್ಯಾಗ್ ಬ್ರೌಸರಿನ ಟ್ಯಾಬ್‌ನಲ್ಲಿರುತ್ತದೆ. ಸರ್ಚ್ ಫಲಿತಾಂಶದ ನೀಲಿ ಸಾಲಿಗೆ ಗೂಗಲ್ ಮೊದಲು ನೋಡುವುದೂ ಅದನ್ನೇ. ಆದರೆ ಟೈಟಲ್ ಟ್ಯಾಗ್ ಅರ್ಧಂಬರ್ಧ ಇದ್ದರೆ ಅಥವಾ ಎಲ್ಲ ಪುಟಕ್ಕೂ ಒಂದೇ ಇದ್ದರೆ, ಗೂಗಲ್ ಪುಟದ ಹೆಡಿಂಗ್‌ನಿಂದ ಸಾಲು ಎತ್ತಿಕೊಂಡು ಅಲ್ಲಿ ಹಾಕಬಹುದು. 2021ರ ಆಗಸ್ಟ್‌ನಲ್ಲಿ ಗೂಗಲ್ ಈ ವ್ಯವಸ್ಥೆಯನ್ನು ಬದಲಿಸಿದ ಮೇಲೆ ಅನೇಕರಿಗೆ ಇದು ಕಣ್ಣಿಗೆ ಬಿತ್ತು. ನಿಮ್ಮ ಎಚ್1 ‘ಸ್ವಾಗತ’ ಎಂದಿದ್ದರೆ ಎತ್ತಿಕೊಳ್ಳಲು ಅಲ್ಲಿ ಏನಿದೆ?

ಎರಡೂ ಅಕ್ಷರಶಃ ಒಂದೇ ಆಗಿರಬೇಕಿಲ್ಲ, ಒಂದೇ ಮಾತು ಹೇಳಿದರೆ ಸಾಕು. ಮುಖ್ಯ ಪದ ಮೊದಲಿಗೆ ಬರಲಿ. ಕನ್ನಡ ಅಕ್ಷರ ಅಗಲವಾಗಿರುವುದರಿಂದ ಫಲಿತಾಂಶದ ಸಾಲು ಬೇಗ ತುಂಬಿ, ಬಾಲ ಕತ್ತರಿಸಿ ಹೋಗುತ್ತದೆ.

ಒಂದು ಪುಟದಲ್ಲಿ ಎರಡು ಎಚ್1 ಇದ್ದರೆ ಗೂಗಲ್ ಶಿಕ್ಷೆ ಕೊಡುತ್ತದೆ ಎಂಬುದು ಸುಳ್ಳು. ಆದರೂ ಒಂದೇ ಇಡಿ. ಪುಟಕ್ಕೆ ಎರಡು ಮುಖ್ಯ ವಿಷಯ ಇವೆ ಎಂದಾದರೆ ಅವು ಎರಡು ಪುಟ.

## ಹಂತ 6: ಎಚ್2, ಎಚ್3ಗಳ ಮಾತು ತಿದ್ದಿ

ಹೆಚ್ಚು ಹೊತ್ತು ಕೊಡಬೇಕಾದ್ದು ಇಲ್ಲಿ. ನಕ್ಷೆ ಸರಿಯಿದ್ದರೂ ಪದ ಸಪ್ಪೆಯಾಗಿದ್ದರೆ ಹೆಡಿಂಗ್ ಕೆಲಸ ಮಾಡುವುದಿಲ್ಲ.

ಕೀಟಗಳ ಭಾಗವನ್ನೇ ನೋಡಿ. ‘ಕುರುವಾಯಿ ಕೀಟ’ ಎಂದಷ್ಟೇ ಬರೆದರೆ ಹೆಸರು ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುತ್ತದೆ. ತೋಟದಲ್ಲಿ ನಿಂತ ರೈತನಿಗೆ ಹುಳುವಿನ ಹೆಸರು ಗೊತ್ತಿರುವುದಿಲ್ಲ, ಗರಿಯ ಮೇಲಿನ ಗುರುತು ಕಾಣುತ್ತಿರುತ್ತದೆ. ಹಾಗಾಗಿ:

‘ಕುರುವಾಯಿ ಕೀಟ: ಹೊಸ ಗರಿ ಕತ್ತರಿಯಲ್ಲಿ ಕತ್ತರಿಸಿದಂತೆ ಕಂಡರೆ’
‘ಕೆಂಪು ಮೂತಿ ಹುಳು: ಕಾಂಡದ ತೂತಿನಿಂದ ಕಂದು ರಸ ಸೋರಿದರೆ’
‘ಕಪ್ಪು ತಲೆ ಹುಳು: ಗರಿ ಸುಟ್ಟಂತೆ ಒಣಗಿದರೆ’

ಮೂರೂ ಹೆಡಿಂಗ್‌ಗಳು ಒಂದೇ ಅಚ್ಚಿನಲ್ಲಿವೆ, ಹೆಸರೂ ಇದೆ ಲಕ್ಷಣವೂ ಇದೆ. ಓದುವವನು ಹೆಡಿಂಗ್‌ನಲ್ಲೇ ತನ್ನ ಮರವನ್ನು ಗುರುತಿಸುತ್ತಾನೆ. ಹುಡುಕುವವನು ಲಕ್ಷಣ ಟೈಪ್ ಮಾಡಿದರೂ ಹೆಸರು ಟೈಪ್ ಮಾಡಿದರೂ ಪುಟದಲ್ಲಿ ಆ ಪದವಿದೆ.

ಪ್ರಶ್ನೆಯ ರೂಪದ ಹೆಡಿಂಗ್ ಒಳ್ಳೆಯದೇ, ಆದರೆ ಕೆಳಗಿನ ಮೊದಲ ಸಾಲಿನಲ್ಲೇ ಉತ್ತರ ಸಿಗಬೇಕು. ‘ಗಿಡದಿಂದ ಗಿಡಕ್ಕೆ ಎಷ್ಟು ಅಂತರ ಬಿಡಬೇಕು?’ ಎಂದು ಕೇಳಿ, ತೆಂಗು ಕಲ್ಪವೃಕ್ಷ ಎಂದು ಶುರು ಮಾಡಿದರೆ ಓದುವವನಿಗೆ ರೇಗುತ್ತದೆ. ‘ಸುಮಾರು 9 ಮೀಟರ್, ಅಂದರೆ ಮೂವತ್ತು ಅಡಿ’ ಎಂದು ಮೊದಲು ಹೇಳಿ. ಮಣ್ಣು, ನೀರು, ನಡುವೆ ಹಾಕುವ ಬೆಳೆಯ ಮಾತು ಆಮೇಲೆ. ಎಲ್ಲ ಹೆಡಿಂಗನ್ನೂ ಪ್ರಶ್ನೆಯಾಗಿಸಿದರೆ ಪುಟ ಕ್ವಿಜ್ ಆಗುತ್ತದೆ, ಅದನ್ನೂ ನೋಡಿಕೊಳ್ಳಿ.

ವಿಭಕ್ತಿಯ ವಿಚಾರ ಇಂಗ್ಲಿಷ್ ಸಲಹೆಗಳಲ್ಲಿ ಬರುವುದಿಲ್ಲ. ಜನ ಟೈಪ್ ಮಾಡುವುದು ‘ತೆಂಗಿನ ಸಸಿ ತಿಪಟೂರು’ ಎಂದು, ನಾವು ಬರೆಯುವುದು ‘ತಿಪಟೂರಿನಲ್ಲಿ ತೆಂಗಿನ ಸಸಿಗಳು’ ಎಂದು. ಊರಿನ ಹೆಸರು ಪ್ರತ್ಯಯ ಸೇರಿ ರೂಪ ಬದಲಿಸಿಕೊಂಡಿತು. ಇದಕ್ಕೆ ಹೆದರಿ ವ್ಯಾಕರಣ ಮುರಿಯಬೇಕಿಲ್ಲ. ಮುಖ್ಯ ಪದದ ಮೂಲರೂಪ ಎಚ್1ರಲ್ಲೋ ಒಂದು ಎಚ್2ರಲ್ಲೋ ಸಹಜವಾಗಿ ಕೂತಿದ್ದರೆ ಸಾಕು, ಉಳಿದ ಕಡೆ ಕನ್ನಡ ಕನ್ನಡದಂತೆಯೇ ಇರಲಿ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರಿಗಾಗಿ ಪ್ರತಿ ಹೆಡಿಂಗನ್ನೂ ಎರಡೆರಡು ಲಿಪಿಯಲ್ಲಿ ಬರೆಯುವುದೂ ಬೇಡ. ತುಮಕೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು, ಆದರೂ ಹಳೆಯ ರೂಪವನ್ನೇ ಟೈಪ್ ಮಾಡುವವರು ಬೇಕಾದಷ್ಟಿದ್ದಾರೆ. ವಿಳಾಸದ ಸಾಲಿನಲ್ಲಿ ಎರಡೂ ರೂಪ ಒಮ್ಮೆ ಬಂದರೆ ಆಯಿತು.

ಇನ್ನು ತಾಲೂಕು ಪಟ್ಟಿಯ ಖಾಯಿಲೆ. ‘ತೆಂಗಿನ ಸಸಿ ತುಮಕೂರು, ತೆಂಗಿನ ಸಸಿ ಗುಬ್ಬಿ, ತೆಂಗಿನ ಸಸಿ ಕುಣಿಗಲ್, ತೆಂಗಿನ ಸಸಿ ತುರುವೇಕೆರೆ’ ಎಂದು ಹೆಡಿಂಗ್‌ನಲ್ಲಿ ಸಾಲಾಗಿ ತುಂಬುತ್ತಾರೆ. ಊರುಗಳ ಹೆಸರನ್ನು ರ್‍ಯಾಂಕಿಂಗ್‌ಗಾಗಿ ಹೀಗೆ ಪೇರಿಸುವುದನ್ನು ಮೋಸದ ಉಪಾಯಗಳನ್ನು ತಡೆಯುವ ಗೂಗಲ್‌ನ ಸ್ಪ್ಯಾಮ್ ನೀತಿಯಲ್ಲಿ ಹೆಸರಿಟ್ಟೇ ಹೇಳಿದೆ. ಇದಕ್ಕಿಂತ ಕೆಟ್ಟದ್ದು, ಜಿಲ್ಲೆಯ ಹತ್ತು ತಾಲೂಕಿಗೂ ಹತ್ತು ಪುಟ ಮಾಡಿ ಎಚ್1ರಲ್ಲಿ ಊರಿನ ಹೆಸರನ್ನಷ್ಟೇ ಬದಲಿಸುವುದು. ಅದೂ ಅದೇ ನೀತಿಯ ಉಲ್ಲಂಘನೆ. ಶಿರಾ, ಪಾವಗಡದ ಒಣಭೂಮಿಗೆ ನಿಜವಾಗಿಯೂ ಬೇರೆ ಸಲಹೆ ಕೊಡುವುದಿದ್ದರೆ ಬೇರೆ ಪುಟ ಮಾಡಿ. ಇಲ್ಲದಿದ್ದರೆ ‘ಸಾಗಣೆ’ ಎಂಬ ಎಚ್2 ಕೆಳಗೆ ಯಾವ ಯಾವ ತಾಲೂಕಿಗೆ ಗಾಡಿ ಹೋಗುತ್ತದೆ ಎಂದು ಒಂದು ವಾಕ್ಯದಲ್ಲಿ ಬರೆಯಿರಿ.

ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದ ಹೆಡಿಂಗ್ ಅಡಗಿಸುವ ಉಪಾಯವನ್ನು ಇವತ್ತಿಗೂ ಹೇಳಿಕೊಡುವವರಿದ್ದಾರೆ. ಅಂಥವರ ಹತ್ತಿರ ಸೈಟ್‌ನ ಪಾಸ್‌ವರ್ಡ್ ಇದ್ದರೆ ಮೊದಲು ಬದಲಿಸಿ.

## ಹಂತ 7: ಎಡಿಟರ್‌ನಲ್ಲಿ ಕೂರಿಸಿ

ವೆಬ್‌ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಮೇಲಿನ ‘ಟೈಟಲ್’ ಜಾಗದಲ್ಲಿ ಬರೆದದ್ದನ್ನು ಹೆಚ್ಚಿನ ಥೀಮ್‌ಗಳು ಎಚ್1 ಮಾಡುತ್ತವೆ. ಹಾಗಾಗಿ ಒಳಗೆ ಮತ್ತೆ ಎಚ್1 ಹಾಕಬೇಡಿ, ಎಚ್2ರಿಂದ ಶುರು ಮಾಡಿ. ಹೆಡಿಂಗ್ ಬ್ಲಾಕ್ ತಾನಾಗಿಯೇ ಎಚ್2 ಆಗಿ ಬರುತ್ತದೆ. ಸಾಲಿನ ಆರಂಭದಲ್ಲಿ ಎರಡು ಹ್ಯಾಷ್ ಚಿಹ್ನೆ ಒತ್ತಿ ಸ್ಪೇಸ್ ಕೊಟ್ಟರೂ ಎಚ್2, ಮೂರು ಕೊಟ್ಟರೆ ಎಚ್3. ‘ಡಾಕ್ಯುಮೆಂಟ್ ಓವರ್‌ವ್ಯೂ’ ಒಳಗಿನ ‘ಔಟ್‌ಲೈನ್’ ತೆರೆದು ಹಾಳೆಯ ನಕ್ಷೆಯ ಜೊತೆ ತಾಳೆ ನೋಡಿ. ಮಟ್ಟ ಜಿಗಿದಿದ್ದರೆ ಅಲ್ಲೇ ಎಚ್ಚರಿಕೆ ಕಾಣುತ್ತದೆ.

ಟೈಟಲ್ ಬರೆದ ಕೂಡಲೇ ಕೊಂಡಿಯ ವಿಳಾಸವೂ ಕನ್ನಡದಲ್ಲೇ ಹುಟ್ಟುತ್ತದೆ. ಅದರ ಒಂದೊಂದು ಕನ್ನಡ ಚಿಹ್ನೆಯೂ ಒಳಗೆ ಒಂಬತ್ತು ಅಕ್ಷರಗಳ ಸಂಕೇತವಾಗುತ್ತದೆ. ವರ್ಡ್‌ಪ್ರೆಸ್ ವಿಳಾಸಕ್ಕೆ ಇಟ್ಟಿರುವ ಜಾಗ 200 ಅಕ್ಷರ, ಅಂದರೆ ಗುಣಿತ, ಒತ್ತು ಸೇರಿ ಇಪ್ಪತ್ತೆರಡು ಚಿಹ್ನೆಗೆ ಮುಗಿಯಿತು. ಉದ್ದದ ಎಚ್1 ಇದ್ದರೆ ವಿಳಾಸ ಪದದ ನಡುವೆಯೇ ತುಂಡಾಗುತ್ತದೆ. ಪ್ರಕಟಿಸುವ ಮೊದಲೇ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ನೀವೇ ಬರೆದುಬಿಡಿ.

ಗೂಗಲ್‌ನ ಬ್ಲಾಗ್ ಸೇವೆಯಾದ ‘ಬ್ಲಾಗರ್’ ಬಳಸುವವರು ಮೊದಲು ಥೀಮ್ ನೋಡಬೇಕು. ಹಲವು ಥೀಮ್‌ಗಳಲ್ಲಿ ಬ್ಲಾಗಿನ ಹೆಸರು ಎಚ್1, ಪೋಸ್ಟಿನ ಶೀರ್ಷಿಕೆ ಎಚ್3 ಆಗಿರುತ್ತದೆ. ಥೀಮ್ ಕೋಡ್ ತಿದ್ದಲು ಬರುವವರಿಂದ ಪೋಸ್ಟ್ ಶೀರ್ಷಿಕೆಯನ್ನು ಎಚ್1 ಮಾಡಿಸಿಕೊಳ್ಳಿ, ತಿದ್ದುವ ಮುನ್ನ ಬ್ಯಾಕಪ್ ಇರಲಿ.

ಎಲಿಮೆಂಟರ್‌ನಂಥ ಪೇಜ್ ಬಿಲ್ಡರ್‌ನಲ್ಲಿ (ತುಂಡುಗಳನ್ನು ಎಳೆದು ಕೂರಿಸಿ ಪುಟ ಕಟ್ಟುವ ಸಾಧನ) ಬೇರೆ ಸಮಸ್ಯೆ. ಅಂದ ಕೆಡುತ್ತದೆ ಎಂದು ಪುಟದ ಶೀರ್ಷಿಕೆಯನ್ನು ಮರೆಮಾಡಿರುತ್ತಾರೆ, ಅದರೊಂದಿಗೆ ಎಚ್1 ಕೂಡ ಹೋಗಿರುತ್ತದೆ. ಆಗ ಮೇಲಿನ ದೊಡ್ಡ ಸಾಲಿನ ಹೆಡಿಂಗ್ ವಿಜೆಟ್‌ನಲ್ಲಿ ‘ಎಚ್‌ಟಿಎಂಎಲ್ ಟ್ಯಾಗ್’ ಆಯ್ಕೆಯನ್ನು ಎಚ್1ಗೆ ಬದಲಿಸಿ. ‘20 ವರ್ಷದ ಅನುಭವ’ ಎಂಬಂಥ ಅಲಂಕಾರದ ಸಾಲುಗಳಿಗೆ ಅದೇ ಆಯ್ಕೆಯಲ್ಲಿ ‘ಡಿವ್’ (ಹೆಡಿಂಗ್ ಅಲ್ಲದ ಸಾದಾ ಟ್ಯಾಗ್) ಇಟ್ಟರೆ ನೋಟ ಹಾಗೇ ಉಳಿಯುತ್ತದೆ, ಸಾಲು ಹೆಡಿಂಗ್ ಪಟ್ಟಿಯಿಂದ ಹೊರಗೆ ಬೀಳುತ್ತದೆ.

ಗೂಗಲ್ ಡಾಕ್ಸ್‌ನಿಂದ ಪೇಸ್ಟ್ ಮಾಡುವವರು ಅಲ್ಲೇ ‘ಹೆಡಿಂಗ್ 2’, ‘ಹೆಡಿಂಗ್ 3’ ಶೈಲಿ ಹಾಕಿ ತನ್ನಿ. ದಪ್ಪ ಮಾಡಿ ತಂದರೆ ದಪ್ಪವಾಗಿಯೇ ಬರುತ್ತದೆ, ಹೆಡಿಂಗ್ ಆಗುವುದಿಲ್ಲ. ಹೆಡಿಂಗ್ ಒಳಗೆ ಮತ್ತೆ ಬೋಲ್ಡ್ ಇದ್ದರೆ ತೆಗೆದುಬಿಡಿ.

## ಹಂತ 8: ಗಾತ್ರದ ಕಿರಿಕಿರಿ ಕಳೆಯಿರಿ

‘ಎಚ್2 ಹಾಕಿದರೆ ತೀರಾ ದೊಡ್ಡದಾಗಿ, ಒತ್ತಕ್ಷರ ಕೆಳಗಿನ ಸಾಲಿಗೆ ಬಡಿಯುತ್ತದೆ, ಅದಕ್ಕೇ ಎಚ್4 ಹಾಕಿದೆ’ ಎಂಬ ದೂರು ನ್ಯಾಯವಾದದ್ದೇ. ಹೆಚ್ಚಿನ ಥೀಮ್‌ಗಳು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದವು. ಸಾಲುಗಳ ಅಂತರ 1.1 ಅಥವಾ 1.2 ಇರುತ್ತದೆ. ‘ಸ್ತ್ರೀ’, ‘ಕ್ಷ್ಮೀ’, ‘ಷ್ಟ್ರ’ ಬಂದ ಕೂಡಲೇ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಅಂಟಿಕೊಳ್ಳುತ್ತದೆ.

ಮಟ್ಟ ಇಳಿಸುವುದು ಇದಕ್ಕೆ ಔಷಧಿಯಲ್ಲ. ಥೀಮ್‌ನ ಟೈಪೋಗ್ರಫಿ ಸೆಟ್ಟಿಂಗ್‌ನಲ್ಲಿ ಹೆಡಿಂಗ್‌ಗಳ ಲೈನ್ ಹೈಟ್ 1.4 ಅಥವಾ 1.5 ಮಾಡಿ, ಎಚ್1, ಎಚ್2 ಫಾಂಟ್ ಗಾತ್ರವನ್ನು ಒಂದೆರಡು ಮೆಟ್ಟಿಲು ಇಳಿಸಿ, ಫಾಂಟನ್ನು ನೋಟೊ ಸಾನ್ಸ್ ಕನ್ನಡದಂಥ ಯುನಿಕೋಡ್ ಫಾಂಟ್‌ಗೆ ಬದಲಿಸಿ. ಒಮ್ಮೆ ಮಾಡಿದರೆ ಇಡೀ ಸೈಟ್‌ಗೆ ಆಯಿತು.

ಹಾಗೆಯೇ ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನಲ್ಲಿ ಸೈಟ್‌ನ ಭಾಷೆಯನ್ನು ಕನ್ನಡಕ್ಕೆ ಇಡಿ. ಡ್ಯಾಶ್‌ಬೋರ್ಡ್ ಇಂಗ್ಲಿಷ್‌ನಲ್ಲೇ ಬೇಕೆಂದರೆ ನಿಮ್ಮ ಪ್ರೊಫೈಲ್‌ನಲ್ಲಿ ಬೇರೆ ಆಯ್ಕೆ ಇದೆ. ಭಾಷೆ ಗುರುತಿಸಲು ಗೂಗಲ್ ಈ ಸೂಚನೆಯನ್ನು ನೋಡುವುದಿಲ್ಲ, ಪುಟದ ಬರಹವನ್ನೇ ನೋಡುತ್ತದೆ. ಆದರೆ ಸ್ಕ್ರೀನ್ ರೀಡರ್ ನಿಮ್ಮ ಹೆಡಿಂಗನ್ನು ಕನ್ನಡದ ಧ್ವನಿಯಲ್ಲಿ ಓದಬೇಕೆಂದರೆ ಈ ಸೂಚನೆ ಬೇಕು.

## ಹಂತ 9: ಕಣ್ಣು ಮುಚ್ಚಿ ಪರೀಕ್ಷಿಸಿ

ಎನ್‌ವಿಡಿಎ ಚಾಲೂ ಮಾಡಿ, ಪುಟ ತೆರೆದು, ಕೀಬೋರ್ಡಿನಲ್ಲಿ ಇಂಗ್ಲಿಷಿನ ಎಚ್ ಕೀಲಿ ಒತ್ತುತ್ತ ಹೋಗಿ. ಒತ್ತಿದಾಗಲೆಲ್ಲ ಮುಂದಿನ ಹೆಡಿಂಗ್‌ಗೆ ಹಾರಿ, ಮಟ್ಟದ ಸಮೇತ ಓದುತ್ತದೆ. 2ರ ಕೀಲಿ ಒತ್ತಿದರೆ ಎಚ್2ಗಳು ಮಾತ್ರ, 3 ಒತ್ತಿದರೆ ಎಚ್3ಗಳು ಮಾತ್ರ. ಪರದೆ ನೋಡದೆ ಕೇಳಿ. ‘ಬೆಲೆ’ ಎಲ್ಲಿದೆ ಎಂದು ಕಿವಿಯಲ್ಲೇ ಸಿಕ್ಕಿತೇ? ‘ಇಲ್ಲಿ ಕ್ಲಿಕ್ ಮಾಡಿ’ ಎಂಬುದು ಹೆಡಿಂಗ್ ಆಗಿ ಕೇಳಿಸಿತೇ? ಖಾಲಿ ಹೆಡಿಂಗ್‌ಗೆ ಬಂದು ಸುಮ್ಮನಾಯಿತೇ? ಎಕ್ಸ್‌ಟೆನ್ಶನ್ ನೋಡಿ ‘ಸರಿಯಿದೆ’ ಎಂದುಕೊಂಡ ಪುಟಗಳೂ ಇಲ್ಲಿ ಸಿಕ್ಕಿಬೀಳುತ್ತವೆ.

ಕ್ರೋಮ್‌ನೊಳಗೇ ಇರುವ ಪುಟ ಪರೀಕ್ಷಿಸುವ ಸಾಧನ ‘ಲೈಟ್‌ಹೌಸ್’ನಲ್ಲಿ ‘ಆಕ್ಸೆಸಿಬಿಲಿಟಿ’ (ಎಲ್ಲರಿಗೂ ಬಳಸಲು ಬರುತ್ತದೆಯೇ ಎಂಬ) ಪರೀಕ್ಷೆ ನಡೆಸಿದರೆ ಮಟ್ಟ ಜಿಗಿದ ಜಾಗಗಳನ್ನು ಅದು ತೋರಿಸುತ್ತದೆ. ಆಮೇಲೆ ಅದೇ ಪುಟವನ್ನು ಮೊಬೈಲ್‌ನಲ್ಲಿ ತೆರೆದು ನೋಡಿ. ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಪುಟದ ಮೊಬೈಲ್ ರೂಪವನ್ನು. ಜಾಗ ಉಳಿಸಲು ಮೊಬೈಲ್‌ನಲ್ಲಿ ಹೆಡಿಂಗ್ ತೆಗೆದಿದ್ದರೆ ಇಷ್ಟೂ ಶ್ರಮ ಡೆಸ್ಕ್‌ಟಾಪ್‌ನಲ್ಲೇ ಉಳಿಯಿತು.

## ಹಂತ 10: ಪ್ರಕಟಿಸಿದ ಮೇಲೆ

ಸರ್ಚ್ ಕನ್ಸೋಲ್‌ನಲ್ಲಿ ಪುಟದ ವಿಳಾಸ ಹಾಕಿ ‘ರಿಕ್ವೆಸ್ಟ್ ಇಂಡೆಕ್ಸಿಂಗ್’ ಒಮ್ಮೆ ಒತ್ತಿ, ಪುಟವನ್ನು ಮತ್ತೆ ಓದು ಎಂದು ಗೂಗಲ್‌ಗೆ ಕೇಳಿದಂತೆ. ಮತ್ತೆ ಮತ್ತೆ ಒತ್ತಿದರೆ ಬೇಗ ಆಗುವುದಿಲ್ಲ. ಬದಲಿಸಿದ ದಿನಾಂಕವನ್ನು ನಕ್ಷೆಯ ಹಾಳೆಯ ಮೇಲೇ ಬರೆದಿಡಿ. ಕೆಲವು ವಾರ ಬಿಟ್ಟು, ಆ ದಿನಾಂಕದ ಮೊದಲಿನ ಮತ್ತು ನಂತರದ ಅವಧಿಯನ್ನು ಹೋಲಿಸಿ. ಕ್ಲಿಕ್‌ಗಿಂತ ಮೊದಲು ಹುಡುಕಾಟದ ಪದಗಳ ಪಟ್ಟಿ ನೋಡಿ: ‘ತೆಂಗಿನ ಸಸಿ ಅಂತರ’, ‘ಕುರುವಾಯಿ’ ಮುಂತಾದ ಹೊಸ ಪದಗಳಿಗೆ ಪುಟ ಕಾಣಿಸಲು ಶುರುವಾಗಿದ್ದರೆ ಹೆಡಿಂಗ್‌ಗಳು ಕೆಲಸ ಮಾಡುತ್ತಿವೆ. ಕೊಬ್ಬರಿ ರೇಟು ನೋಡಿದಂತೆ ದಿನಾ ನೋಡಿ, ದಿನಾ ಹೆಡಿಂಗ್ ಬದಲಿಸಿದರೆ ಯಾವ ಬದಲಾವಣೆಯಿಂದ ಏನಾಯಿತು ಎಂದು ಯಾವತ್ತೂ ತಿಳಿಯುವುದಿಲ್ಲ.

ಪ್ರಶ್ನೋತ್ತರದ ಭಾಗಕ್ಕೆ ವಿಶೇಷ ಕೋಡ್ ಹಾಕಿದರೆ ಸರ್ಚ್ ಫಲಿತಾಂಶದಲ್ಲೇ ಪ್ರಶ್ನೆಗಳು ತೆರೆದುಕೊಳ್ಳುತ್ತವೆ ಎಂದು ಈಗಲೂ ಪ್ಯಾಕೇಜ್ ಮಾರುವವರಿದ್ದಾರೆ. 2023ರ ಆಗಸ್ಟ್‌ನಲ್ಲೇ ಗೂಗಲ್ ಅದನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯದ ಸೈಟ್‌ಗಳಿಗೆ ಸೀಮಿತಗೊಳಿಸಿತು. ನರ್ಸರಿಗೆ, ಹೋಟೆಲಿಗೆ ಅದು ಸಿಗುವುದಿಲ್ಲ.

ಪುಟದ ಮೇಲೆ ಪರಿವಿಡಿ ಹಾಕಿದ್ದರೆ ಒಂದು ಎಚ್ಚರಿಕೆ. ಹಲವು ಪರಿವಿಡಿ ಪ್ಲಗಿನ್‌ಗಳು ಹೆಡಿಂಗ್‌ನ ಪದಗಳಿಂದಲೇ ಕೊಂಡಿ ಕಟ್ಟುತ್ತವೆ. ನಾಳೆ ನೀವು ‘ಸಸಿಯ ಬೆಲೆ’ ಎಂಬುದನ್ನು ‘ಸಸಿಯ ಈಗಿನ ಬೆಲೆ’ ಎಂದು ತಿದ್ದಿದರೆ, ಗ್ರಾಹಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಹಳೆಯ ಕೊಂಡಿ ಬೆಲೆಯ ಜಾಗಕ್ಕೆ ಹೋಗದೆ ಪುಟದ ತಲೆಗೆ ಹೋಗಿ ನಿಲ್ಲುತ್ತದೆ. ಮುಖ್ಯ ಹೆಡಿಂಗ್‌ಗಳಿಗೆ ಬ್ಲಾಕ್‌ನ ‘ಅಡ್ವಾನ್ಸ್ಡ್’ ಭಾಗದಲ್ಲಿರುವ ‘ಎಚ್‌ಟಿಎಂಎಲ್ ಆ್ಯಂಕರ್’ನಲ್ಲಿ ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರೊಂದನ್ನು ನೀವೇ ಕೊಟ್ಟು, ಹಂಚಿಕೊಳ್ಳುವಾಗ ಆ ಕೊಂಡಿಯನ್ನೇ ಬಳಸಿ. ಆಮೇಲೆ ಹೆಡಿಂಗ್‌ನ ಮಾತು ಎಷ್ಟು ಸಲ ತಿದ್ದಿದರೂ ಅದು ಮುರಿಯುವುದಿಲ್ಲ.